ಸ್ಟೀಲ್ ಲೋಟಕ್ಕೆ ಚನ್ನಪಟ್ಟಣದ ಅರಗು, ಸ್ಟೀಲ್ ತಟ್ಟೆಗೆ ಬಿದ್ರಿ ಕೆಲಸ: ಆಗುತ್ತದೆಯೇ?

ಪ್ರಶ್ನೆ: ಮೈಸೂರಿನಲ್ಲಿ ಉಡುಗೊರೆ ಸಾಮಾನುಗಳ ಸಣ್ಣ ವ್ಯಾಪಾರ ನಡೆಸುತ್ತಿದ್ದೇನೆ. ಮದುವೆ, ಗೃಹಪ್ರವೇಶಗಳಲ್ಲಿ ಕೊಡುವ ಸ್ಟೀಲ್ ಪಾತ್ರೆಗಳಿಗೆ ನಮ್ಮ ನಾಡಿನ ಕೈಕಸುಬನ್ನು ಸೇರಿಸಬೇಕೆಂಬುದು ಬಹಳ ದಿನಗಳ ಆಸೆ. ಚನ್ನಪಟ್ಟಣದ ಕುಶಲಕರ್ಮಿಯೊಬ್ಬರಿಗೆ 304 ದರ್ಜೆಯ ಸ್ಟೀಲ್ ಕಾಫಿ ಲೋಟಗಳನ್ನು ಕೊಟ್ಟು, ಹೊರಮೈಗೆ ಬಣ್ಣದ ಅರಗು ಹಚ್ಚಿಸಿದೆ. ಮೊದಲು ಅರಗು ಹಿಡಿಯಲೇ ಇಲ್ಲ. ಲೋಟವನ್ನು ಕಾಯಿಸಿ ಹಚ್ಚಿದಾಗ ಚೆನ್ನಾಗಿಯೇ ಬಂತು. ಆದರೆ ಮನೆಯಲ್ಲಿ ಒಂದು ವಾರ ಬಳಸುವಷ್ಟರಲ್ಲಿ ಬಿಳಿ ಮಚ್ಚೆಗಳು ಮೂಡಿ, ಅಂಚಿನಿಂದ ಚಕ್ಕೆ ಏಳತೊಡಗಿತು. ಮೇಲೊಂದು ಪದರ ಎಪಾಕ್ಸಿಯನ್ನೋ ಪಾಲಿಯುರೆಥೇನನ್ನೋ (ಒಣಗಿ ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗುವ ಲೇಪನಗಳು) ಹೊಡೆಸಿದರೆ ಸರಿಹೋಗುತ್ತದೆ ಎನ್ನುತ್ತಾರೆ ಬಣ್ಣದ ಅಂಗಡಿಯವರು. ಇನ್ನು ಸ್ಟೀಲ್ ತಟ್ಟೆಯ ಮೇಲೆ ಬಿದ್ರಿ ಕೆಲಸ, ಎಂದರೆ ಕಪ್ಪಾಗಿಸಿದ ಸತುವಿನ ಲೋಹದಲ್ಲಿ ಬೆಳ್ಳಿಯ ಚಿತ್ತಾರ ಕೂರಿಸುವ ಕಸುಬು, ಮಾಡಿಕೊಡಿ ಎಂದು ಬೀದರಿನ ಕಲಾವಿದರೊಬ್ಬರನ್ನು ಕೇಳಿದರೆ, ‘ಇದರ ಮೇಲೆ ಕಪ್ಪು ಬರುವುದಿಲ್ಲ’ ಎಂದು ತಟ್ಟೆಯನ್ನು ಹಿಂದಿರುಗಿಸಿದರು. ಆ ಕಪ್ಪಿಗೆ ಬಳಸುವ ಬೀದರ್ ಕೋಟೆಯ ಮಣ್ಣು ತರಿಸಿ ನಾವೇ ಮಾಡಿ ನೋಡಬಹುದು ಎಂದು ಪರಿಚಿತರೊಬ್ಬರ ಸಲಹೆ. ಮಕ್ಕಳು ಬಾಯಿಗಿಡುವ ಆಟಿಕೆಗೇ ಆ ಅರಗು ಸುರಕ್ಷಿತ ಎಂದಮೇಲೆ ತಟ್ಟೆ, ಲೋಟಕ್ಕೆ ಏನು ತೊಂದರೆ ಎಂಬ ಪ್ರಶ್ನೆಯೂ ಇದೆ. ಮದುವೆಯೊಂದಕ್ಕೆ ಮುನ್ನೂರು ಜೊತೆ ಲೋಟ, ತಟ್ಟೆಗಳಿಗೆ ಬೇಡಿಕೆ ಬಂದಿದೆ. ಮುಂದುವರಿಯಲೇ, ಕೈಬಿಡಲೇ?

ಉತ್ತರ: ನಿಮ್ಮ ಪ್ರಶ್ನೆಯೊಳಗೆ ಎರಡು ಚಿಂತೆಗಳಿವೆ. ಕೆಲಸ ಬಾಳಿಕೆ ಬರುತ್ತಿಲ್ಲ ಎಂಬುದು ಒಂದು. ಬಾಳಿಕೆ ಬಂದರೂ ಅದರಲ್ಲಿ ಉಂಡವರಿಗೆ, ಕುಡಿದವರಿಗೆ ಏನಾದರೂ ಆದೀತೇ ಎಂಬುದು ಇನ್ನೊಂದು. ಜೊತೆಗೆ, ಕುಶಲಕರ್ಮಿಯ ಕೈಯಲ್ಲೇ ಏನೋ ಕೊರತೆ ಇರಬಹುದೇ ಎಂಬ ಅನುಮಾನವೂ ನಿಮಗೆ ಬಂದಿರಬಹುದು. ಅದನ್ನು ಮೊದಲು ತೆಗೆದುಹಾಕಿ. ಲೋಟವನ್ನು ಕಾಯಿಸಿ ಅರಗು ಹಿಡಿಸಿದವರು ತಮ್ಮ ವಿದ್ಯೆಯನ್ನು ಚೆನ್ನಾಗಿ ಬಲ್ಲವರು. ತಟ್ಟೆಯನ್ನು ಹಿಂದಿರುಗಿಸಿದ ಬೀದರಿನ ಕಲಾವಿದರಂತೂ ನಿಮ್ಮ ಹಣವನ್ನೂ ತಟ್ಟೆಯನ್ನೂ ಉಳಿಸಿದ್ದಾರೆ.

ಅರಗು ಹಚ್ಚಿದ ಸ್ಟೀಲ್ ಲೋಟಗಳನ್ನು ಈಗಿರುವ ರೂಪದಲ್ಲಿ ಮದುವೆಗೆ ಕೊಡಬೇಡಿ. ಎಪಾಕ್ಸಿ ಹೊಡೆದೂ ಕೊಡಬೇಡಿ. ಆದರೆ ಯೋಚನೆಯನ್ನು ಕೈಬಿಡಬೇಕಾಗಿಲ್ಲ. ಅದೇ ಎರಡು ಕಸುಬುಗಳನ್ನು ಅದೇ ಸ್ಟೀಲಿನ ಜೊತೆಗೆ ಬೇರೆ ರೀತಿಯಲ್ಲಿ ಸೇರಿಸುವ ದಾರಿಗಳಿವೆ. ಕುಶಲಕರ್ಮಿಗಳ ಜೊತೆ ಊಟದ ಪಾತ್ರೆಗಳನ್ನು ವಿನ್ಯಾಸ ಮಾಡುವುದೇ ನನ್ನ ವೃತ್ತಿ. ಒಂದು ಕಸುಬು ಹೊಸ ವಸ್ತುವಿಗೆ ಹೋಗಬೇಕಾದರೆ, ಹಳೆಯ ವಸ್ತುವಿನ ಯಾವ ಗುಣವನ್ನು ನಂಬಿ ಅದು ನಿಂತಿತ್ತೋ ಆ ಗುಣ ಹೊಸದರಲ್ಲೂ ಇದೆಯೇ ಎಂದು ನೋಡುವುದು ಈ ವೃತ್ತಿಯಲ್ಲಿ ಮೊದಲು ಕಲಿಯಬೇಕಾದ ಪಾಠ. ಗುಣ ಇಲ್ಲದಿದ್ದರೆ ಕಸುಬನ್ನು ಬದಲಿಸಬೇಕು, ಇಲ್ಲವೇ ಅದನ್ನು ಕೂರಿಸುವ ಜಾಗವನ್ನು ಬದಲಿಸಬೇಕು. ನಿಮ್ಮ ಲೋಟ, ತಟ್ಟೆಗಳ ವಿಷಯದಲ್ಲಿ ಜಾಗ ಬದಲಿಸುವುದೇ ಸರಿ. ಏಕೆಂದು ಹೇಳುತ್ತೇನೆ.

ಅರಗಿನಿಂದ ಶುರುಮಾಡೋಣ. ಚನ್ನಪಟ್ಟಣದಲ್ಲಿ ಆಲೆ ಮರದ ತುಂಡು ಲೇತ್ ಯಂತ್ರದಲ್ಲಿ ವೇಗವಾಗಿ ತಿರುಗುತ್ತಿರುತ್ತದೆ. ಬಣ್ಣ ಕಲಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜುವಿಕೆಯಿಂದ ಹುಟ್ಟುವ ಶಾಖಕ್ಕೆ ಅರಗು ಕರಗಿ ಮರದ ಮೈಗೆ ಹರಡುತ್ತದೆ. ಆಮೇಲೆ ತಾಳೆಗರಿಯನ್ನು ಒತ್ತಿ ಹಿಡಿದು ಸಮಮಾಡಿ ಹೊಳಪು ತರುತ್ತಾರೆ. ಒಲೆಯಿಲ್ಲ, ಕುಂಚವಿಲ್ಲ, ಒಣಗಿಸುವ ಕಾಯುವಿಕೆಯೂ ಇಲ್ಲ. ಇಷ್ಟು ಸರಳವಾಗಿ ಕಾಣುವ ಈ ಕೆಲಸ ಮರದ ಎರಡು ಗುಣಗಳನ್ನು ನಂಬಿದೆ. ಮರ ಶಾಖವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆದ್ದರಿಂದ ಉಜ್ಜಿದ ಬಿಸಿ ಮೇಲ್ಮೈಯಲ್ಲೇ ಉಳಿದು ಅರಗನ್ನು ಕರಗಿಸುತ್ತದೆ. ಎರಡನೆಯದಾಗಿ, ಮರದ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳೂ ನಾರುಗಳೂ ಇವೆ. ಕರಗಿದ ಅರಗು ಅವುಗಳೊಳಗೆ ಇಳಿದು ಬೇರು ಬಿಡುತ್ತದೆ.

ಸ್ಟೀಲಿನಲ್ಲಿ ಈ ಎರಡೂ ಇಲ್ಲ. ಸ್ಟೇನ್‌ಲೆಸ್ ಸ್ಟೀಲ್ ಮರಕ್ಕಿಂತ ಸುಮಾರು ನೂರು ಪಟ್ಟು ಚುರುಕಾಗಿ ಶಾಖವನ್ನು ಸಾಗಿಸುತ್ತದೆ. ಕಡ್ಡಿ ಒತ್ತಿದಾಗ ಹುಟ್ಟುವ ಬಿಸಿ ಆ ಕ್ಷಣವೇ ಇಡೀ ಲೋಟಕ್ಕೆ ಹರಡಿ ಕಳೆದುಹೋಗುತ್ತದೆ. ಮೊದಲ ಸಲ ಅರಗು ಹಿಡಿಯದಿದ್ದುದು ಇದಕ್ಕೇ. ಲೋಟವನ್ನು ಕಾಯಿಸಿದಾಗ ಕರಗುವ ಸಮಸ್ಯೆ ನೀಗಿತು, ಹಿಡಿತದ ಸಮಸ್ಯೆ ನೀಗಲಿಲ್ಲ. ಕನ್ನಡಿಯಂತೆ ನುಣುಪಾದ ಮೈಮೇಲೆ ಅರಗು ಕೇವಲ ಅಂಟಿಕೊಂಡು ಕೂತಿತ್ತು.

ಅದಾದ ಮೇಲೆ ನೀವು ಬಿಸಿ ಕಾಫಿ ಹುಯ್ದಿರಿ. ಅರಗು ಸುಮಾರು 65ರಿಂದ 70 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗತೊಡಗುತ್ತದೆ, 75–80 ಡಿಗ್ರಿಯಲ್ಲಿ ಕರಗುತ್ತದೆ. ಹದವಾಗಿ ಬೆರೆಸಿದ ಫಿಲ್ಟರ್ ಕಾಫಿ ಲೋಟಕ್ಕೆ ಬೀಳುವಾಗ ಅದರ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ಸ್ಟೀಲ್ ಆ ಬಿಸಿಯನ್ನು ಕೆಲವೇ ಸೆಕೆಂಡುಗಳಲ್ಲಿ ಹೊರಮೈಗೆ ತಲುಪಿಸುತ್ತದೆ. ಆಗ ಲೋಹ ಹಿಗ್ಗುತ್ತದೆ. ಅರಗು ಅದಕ್ಕಿಂತ ಹಲವು ಪಟ್ಟು ಹಿಗ್ಗುತ್ತದೆ. ತಣ್ಣಗಾದಾಗ ಎರಡೂ ಕುಗ್ಗುವ ಅಳತೆಯೂ ಬೇರೆ ಬೇರೆ. ಈ ಎಳೆದಾಟ ದಿನಕ್ಕೆ ಎರಡು ಸಲ ನಡೆದರೆ, ಹಿಡಿತ ದುರ್ಬಲವಾಗಿರುವ ಅಂಚಿನಿಂದ ಚಕ್ಕೆ ಏಳುವುದು ಸಹಜ. ಮರವೂ ಹಿಗ್ಗಿ ಕುಗ್ಗುತ್ತದಲ್ಲ ಎಂದು ನೀವು ಕೇಳಬಹುದು. ಹೌದು, ಮಳೆಗಾಲಕ್ಕೂ ಬೇಸಿಗೆಗೂ ಸ್ಟೀಲಿಗಿಂತ ಹೆಚ್ಚೇ ಹಿಗ್ಗಿ ಕುಗ್ಗುತ್ತದೆ. ಆದರೆ ಅದು ವಾರಗಟ್ಟಲೆ ನಿಧಾನವಾಗಿ ನಡೆಯುತ್ತದೆ, ಮೇಲಾಗಿ ಅರಗು ಅದರ ನಾರಿನೊಳಗೆ ಇಳಿದಿರುತ್ತದೆ.

ಬಿಳಿ ಮಚ್ಚೆಗೆ ಕಾರಣ ಬಿಸಿ ಮತ್ತು ತೇವ ಒಟ್ಟಿಗೆ ಸೇರಿದ್ದು. ಮೆತ್ತಗಾದ ಅರಗಿನೊಳಗೆ ನೀರಿನ ಅಂಶ ಸೇರಿಕೊಂಡು ಪದರ ಮಬ್ಬಾಗುತ್ತದೆ. ಅರಗಿನ ಮೆರುಗಿರುವ ಹಳೆಯ ಮೇಜಿನ ಮೇಲೆ ಬಿಸಿ ಲೋಟ ಇಟ್ಟಾಗ ಮೂಡುವ ಬಿಳಿ ಉಂಗುರವೂ ಇದೇ. ಪಾತ್ರೆ ತೊಳೆಯುವ ಸೋಪು ಇನ್ನೊಂದು ಪೆಟ್ಟು ಕೊಡುತ್ತದೆ. ಅರಗು ಕ್ಷಾರದಲ್ಲಿ ಕರಗುತ್ತದೆ. ತೊಳೆಯುವ ಸೋಡಾ, ಡಿಶ್‌ವಾಷರ್ ಪುಡಿ, ಒಲೆಯ ಬೂದಿ ಎಲ್ಲವೂ ಕ್ಷಾರವೇ. ನಮ್ಮ ಅಡುಗೆಮನೆಯಲ್ಲಿ ಪಾತ್ರೆ ಬೆಳಗಲು ಬಳಸುವ ಎರಡು ಹಳೆಯ ವಸ್ತುಗಳಲ್ಲಿ ಬೂದಿ ಅರಗನ್ನು ತಿನ್ನುತ್ತದೆ, ಹುಣಸೆಹಣ್ಣು ಬಿದ್ರಿಯ ಸತುವನ್ನು ತಿನ್ನುತ್ತದೆ. ನಿಮ್ಮ ಇಡೀ ಯೋಜನೆಯ ತೊಡಕು ಈ ಮಾತಿನಲ್ಲೇ ಇದೆ.

ಹಾಗಾದರೆ ಲೋಹದ ಮೇಲೆ ಅರಗಿನ ಕೆಲಸ ಯಾರೂ ಮಾಡಿಲ್ಲವೇ? ಮಾಡಿದ್ದಾರೆ. ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ಹಿತ್ತಾಳೆಯ ತಟ್ಟೆ, ಹೂದಾನಿಗಳ ಮೇಲೆ ಬಳ್ಳಿ, ಹೂವು ಕೆತ್ತಿ, ಲೋಹವನ್ನು ಕಾಯಿಸಿ, ಕೆತ್ತಿದ ಗೀರುಗಳಿಗೆ ಬಣ್ಣದ ಅರಗನ್ನು ತುಂಬುತ್ತಾರೆ. ಆಮೇಲೆ ಮೇಲ್ಮೈಯನ್ನು ಉಜ್ಜಿ, ಗೀರಿನಲ್ಲಿ ಮಾತ್ರ ಬಣ್ಣ ಉಳಿಯುವಂತೆ ಮಾಡುತ್ತಾರೆ. ಅಲ್ಲಿನವರು ಮರದ ರಂಧ್ರದ ಬದಲು ಉಳಿಯಿಂದ ಗೀರು ಮಾಡಿದರು, ಉಜ್ಜುವ ಶಾಖದ ಬದಲು ಒಲೆಯ ಶಾಖ ಕೊಟ್ಟರು. ವಸ್ತು ಬದಲಾದಾಗ ಕಸುಬನ್ನು ಬದಲಿಸಿಕೊಳ್ಳುವುದೆಂದರೆ ಇದು. ಆದರೂ ಆ ತಟ್ಟೆಗಳು ಹೆಚ್ಚಾಗಿ ಗೋಡೆಯನ್ನೋ ಮೇಜನ್ನೋ ಅಲಂಕರಿಸುತ್ತವೆ. ಬಿಸಿ ಸಾರನ್ನು ಅವುಗಳಲ್ಲಿ ಬಡಿಸುವುದಿಲ್ಲ.

ಈಗ ಆಟಿಕೆಯ ಮಾತು. ಇದನ್ನು ನಾನು ಪದೇ ಪದೇ ಕೇಳುತ್ತೇನೆ. ಹೇಳುವವರೆಲ್ಲ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಶುದ್ಧ ಅರಗು ಅಪಾಯಕಾರಿ ವಸ್ತುವಲ್ಲ ಎಂಬುದು ನಿಜ. ಮರದ ರೆಂಬೆಗಳ ಮೇಲೆ ಬದುಕುವ ಒಂದು ಬಗೆಯ ಕೀಟ ಸ್ರವಿಸುವ ರಾಳ ಅದು. ಶುದ್ಧೀಕರಿಸಿದ ಅರಗನ್ನು ಮಾತ್ರೆಗಳ ಹೊದಿಕೆಗೂ ಕೆಲವು ಮಿಠಾಯಿಗಳ ಹೊಳಪಿಗೂ ಬಳಸುತ್ತಾರೆ, ಆಹಾರಕ್ಕೆ ಬಳಸಬಹುದಾದ ವಸ್ತುಗಳಲ್ಲಿ ಅದಕ್ಕೆ 904 ಎಂಬ ಸಂಖ್ಯೆಯಿದೆ. ಆದರೆ ಅರಗಿನ ಕಡ್ಡಿಯಲ್ಲಿ ಅರಗು ಮಾತ್ರ ಇರುವುದಿಲ್ಲ, ಬಣ್ಣವೂ ಇರುತ್ತದೆ. ಅರಿಸಿನ, ನೀಲಿಯಂಥ ಸಸ್ಯಜನ್ಯ ಬಣ್ಣ ಬಳಸುವವರಿದ್ದಾರೆ. ಅಂಗಡಿಯಲ್ಲಿ ಸಿಗುವ ಬಣ್ಣದ ಪುಡಿ ಬಳಸುವವರೂ ಇದ್ದಾರೆ. ಕಣ್ಣು ಕುಕ್ಕುವ ಹಳದಿ, ಕಿತ್ತಳೆ ಪುಡಿಗಳಲ್ಲಿ ಸೀಸದ ಕ್ರೋಮೇಟ್ ಇರುವ ಸಾಧ್ಯತೆ ಇದ್ದೇ ಇದೆ. ಹೊರಗಿನಿಂದ ನೋಡಿ ಯಾರೂ ವ್ಯತ್ಯಾಸ ಹೇಳಲಾರರು.

ಆಟಿಕೆಯ ಪರೀಕ್ಷೆ ಏನನ್ನು ಕೇಳುತ್ತದೆ ಎಂಬುದನ್ನೂ ನೋಡಿ. ಮಗು ಬಣ್ಣದ ಚಕ್ಕೆಯನ್ನು ನುಂಗಿದರೆ ಹೊಟ್ಟೆಯ ಆಮ್ಲದಲ್ಲಿ ಎಷ್ಟು ಸೀಸ, ಕ್ಯಾಡ್ಮಿಯಂ ಮೊದಲಾದವು ಬಿಟ್ಟುಕೊಳ್ಳುತ್ತವೆ ಎಂದು ಅದು ಅಳೆಯುತ್ತದೆ. ದೇಹದ ಬಿಸಿಯಲ್ಲಿ, ದುರ್ಬಲ ಆಮ್ಲದಲ್ಲಿ ನಡೆಯುವ ಪರೀಕ್ಷೆ ಅದು. ಕುದಿಯುವ ಸಾರು, ತುಪ್ಪ ಹಾಕಿದ ಬಿಸಿ ಅನ್ನ, ರಾತ್ರಿಯಿಡೀ ಕೂತ ಉಪ್ಪಿನಕಾಯಿ, ಇವುಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಆಟಿಕೆಯ ಪ್ರಮಾಣಪತ್ರ ಸುಳ್ಳಲ್ಲ, ಅದು ಬೇರೆ ಪ್ರಶ್ನೆಗೆ ಕೊಟ್ಟ ಉತ್ತರ ಅಷ್ಟೇ. ಗೋಡಂಬಿ, ಒಣದ್ರಾಕ್ಷಿ, ಕೋಡುಬಳೆಯಂಥ ಒಣ ತಿನಿಸು ಇಡುವ ಅರಗಿನ ಮರದ ಬಟ್ಟಲನ್ನು, ಬಣ್ಣದ ಮೂಲ ಗೊತ್ತಿದ್ದರೆ, ನಾನು ನಿಶ್ಚಿಂತೆಯಿಂದ ಬಳಸುತ್ತೇನೆ. ಬಿಸಿಯಾದುದನ್ನು, ದ್ರವವನ್ನು, ಹುಳಿಯನ್ನು ಅದರಲ್ಲಿ ಹಾಕುವುದಿಲ್ಲ.

ಇನ್ನು ಬಣ್ಣದ ಅಂಗಡಿಯ ಸಲಹೆ. ಅರಗಿನ ಮೇಲೆ ಪಾಲಿಯುರೆಥೇನ್ ಪದರ ನಿಲ್ಲುವುದು ಕಷ್ಟ. ಕುಶಲಕರ್ಮಿಗಳು ಬಳಸುವ ಅರಗಿನಲ್ಲಿ ಸಹಜವಾಗಿಯೇ ಸ್ವಲ್ಪ ಮೇಣವಿರುತ್ತದೆ, ಪಾಲಿಯುರೆಥೇನ್ ಮೇಣದ ಮೇಲೆ ಹಿಡಿಯುವುದಿಲ್ಲ. ಎಪಾಕ್ಸಿ ಹಿಡಿದರೂ ಅಡಿಯಲ್ಲಿರುವ ಅರಗು 70 ಡಿಗ್ರಿಗೆ ಮೆತ್ತಗಾಗುವುದನ್ನು ಅದು ತಡೆಯಲಾರದು. ನೆಲ ಜಾರಿದರೆ ಮೇಲಿನ ಪದರ ಸುಕ್ಕುಗಟ್ಟುತ್ತದೆ, ಇಲ್ಲವೇ ಬಿರಿಯುತ್ತದೆ. ಕರಕುಶಲ ಕೆಲಸಕ್ಕೆಂದು ಡಬ್ಬಿಯಲ್ಲಿ ಸಿಗುವ ಸಾಮಾನ್ಯ ಎಪಾಕ್ಸಿಯೇ ಸುಮಾರು 50–60 ಡಿಗ್ರಿಯಲ್ಲಿ ತನ್ನ ಗಡಸುತನ ಕಳೆದುಕೊಳ್ಳುತ್ತದೆ. ಡಬ್ಬಿಯ ಮೇಲೆ ‘ಆಹಾರಕ್ಕೆ ಸುರಕ್ಷಿತ’ ಎಂದು ಬರೆದಿದ್ದರೂ, ಎರಡು ದ್ರವಗಳನ್ನು ಸರಿಯಾದ ಪ್ರಮಾಣದಲ್ಲಿ ಬೆರೆಸಿ, ಪೂರ್ತಿ ಗಟ್ಟಿಯಾಗಲು ಬಿಟ್ಟಿದ್ದರೆ ಮಾತ್ರ ಆ ಮಾತು ನಿಲ್ಲುತ್ತದೆ. ಅವಸರದ ಬೇಡಿಕೆಯಲ್ಲಿ ತಪ್ಪುವುದು ಈ ಎರಡೇ. ಅದಕ್ಕಿಂತ ಹೆಚ್ಚಾಗಿ, ಪ್ಲಾಸ್ಟಿಕ್ಕಿನ ಪದರದಡಿ ಮುಚ್ಚಿದ ಮೇಲೆ ಅದು ಅರಗಿನ ಲೋಟವಾಗಿ ಉಳಿಯಿತೇ? ಕೈಗೆ ತಾಗುವ ಆ ಮೃದುವಾದ ನುಣುಪಿಗಾಗಿಯೇ ಜನ ಚನ್ನಪಟ್ಟಣದ ವಸ್ತುಗಳನ್ನು ಕೊಳ್ಳುತ್ತಾರೆ. ಅದನ್ನು ಮುಚ್ಚಿಡುವ ಕೆಲಸಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಬಿದ್ರಿಯ ವಿಷಯ ಇನ್ನೂ ಕುತೂಹಲದ್ದು. ಇಲ್ಲಿ ಮಣ್ಣಿನ ಬಗ್ಗೆ ಹುಟ್ಟಿಕೊಂಡಿರುವ ನಂಬಿಕೆಯನ್ನು ಬಿಡಿಸಿ ನೋಡಬೇಕು.

ಬಿದ್ರಿ ವಸ್ತುವಿನ ಒಡಲು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸತು, ಉಳಿದದ್ದು ಮುಖ್ಯವಾಗಿ ತಾಮ್ರ. ಎರಕ ಹೊಯ್ದು, ಅರ ಹಾಕಿ ನುಣುಪು ಮಾಡಿದ ಮೇಲೆ ಮೈಲುತುತ್ತದ ದ್ರಾವಣ ಉಜ್ಜುತ್ತಾರೆ. ಮೈ ತಾತ್ಕಾಲಿಕವಾಗಿ ಕಪ್ಪಾಗಿ, ಅದರ ಮೇಲೆ ಗೀಚಿದ ಗೆರೆಗಳು ಸ್ಪಷ್ಟವಾಗಿ ಕಾಣುತ್ತವೆ. ಆ ಗೆರೆಗಳನ್ನು ಸಣ್ಣ ಉಳಿಗಳಿಂದ ಕೊರೆದು, ಕೊರೆದ ಜಾಗಕ್ಕೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಹೊಡೆದು ಕೂರಿಸುತ್ತಾರೆ. ಮತ್ತೆ ಉಜ್ಜಿದಾಗ ಸತುವೂ ಬೆಳ್ಳಿಯೂ ಹೆಚ್ಚುಕಡಿಮೆ ಒಂದೇ ಬಣ್ಣದಲ್ಲಿ ಕಾಣುತ್ತವೆ, ಅಷ್ಟು ದುಡಿದ ಚಿತ್ತಾರ ಕಣ್ಣಿಗೆ ಬೀಳುವುದೇ ಇಲ್ಲ. ಕೊನೆಗೆ ಬೀದರ್ ಕೋಟೆಯ ಹಳೆಯ ಕಟ್ಟಡಗಳೊಳಗಿನ, ಬಿಸಿಲು ಮಳೆ ತಾಗದ ಮಣ್ಣನ್ನು ನವಸಾಗರದ (ಅಮೋನಿಯಂ ಕ್ಲೋರೈಡ್) ಜೊತೆ ನೀರಿನಲ್ಲಿ ಕಾಯಿಸಿ, ವಸ್ತುವನ್ನು ಅದರಲ್ಲಿ ಇಟ್ಟು ತೆಗೆಯುತ್ತಾರೆ. ಸತುವಿನ ಮೈ ಗಾಢ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಬೆಳಗುತ್ತದೆ. ಎಣ್ಣೆ ಸವರಿದರೆ ಕಪ್ಪು ಇನ್ನಷ್ಟು ಆಳವಾಗುತ್ತದೆ. ಲೋಹದ ಕೆಲಸ ಕಂಡವರಿಗೂ ಈ ಕೊನೆಯ ಹಂತ ಪ್ರತಿ ಸಲವೂ ಮೈ ಜುಮ್ಮೆನಿಸುತ್ತದೆ.

ಆ ಮಣ್ಣಿನಲ್ಲಿ ಪೆಟ್ಲುಪ್ಪಿನಂಥ ನೈಟ್ರೇಟ್ ಲವಣಗಳಿವೆ. ಮಣ್ಣು ಒಳ್ಳೆಯದೇ, ಆದರೆ ಕಪ್ಪು ಹುಟ್ಟುವುದು ಮಣ್ಣಿನೊಳಗಲ್ಲ. ಮಣ್ಣಿನ ಲವಣ, ನವಸಾಗರ ಮತ್ತು ತಾಮ್ರ ಬೆರೆತ ಸತು, ಈ ಮೂರೂ ಕೂಡಿದಾಗ ಮಾತ್ರ ಅದು ಹುಟ್ಟುತ್ತದೆ. ತಾಮ್ರವಿಲ್ಲದ ಬರೀ ಸತುವಿಗೂ ಆ ಕಪ್ಪು ಬರುವುದಿಲ್ಲ. ಸ್ಟೀಲಿನ ಮೈಮೇಲಂತೂ ಕ್ರೋಮಿಯಂ ಆಕ್ಸೈಡಿನ ತೆಳು ಪೊರೆಯಿದೆ. 304 ದರ್ಜೆಯಲ್ಲಿ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ ಇರುವುದೇ ಈ ಪೊರೆಗಾಗಿ, ತುಕ್ಕು ಹಿಡಿಯದಿರುವುದೂ ಇದರಿಂದಲೇ. ಮೈಲುತುತ್ತ ಉಜ್ಜಿದರೂ ಅದು ಏನೂ ಆಗದಂತೆ ಕೂತಿರುತ್ತದೆ. ನಿಮ್ಮ ಪರಿಚಿತರ ಮಾತಿನಂತೆ ಮಣ್ಣು, ನವಸಾಗರ ಹಾಕಿ ಕುದಿಸಿದರೆ ಕಪ್ಪಂತೂ ಬರುವುದಿಲ್ಲ. ಬದಲಿಗೆ ಬಿಸಿ ಕ್ಲೋರೈಡ್ ಆ ಪೊರೆಯನ್ನು ಅಲ್ಲಲ್ಲಿ ಮುರಿದು ಸೂಜಿಮೊನೆಯಂಥ ಕುಳಿಗಳನ್ನು ಕೊರೆಯಬಹುದು. ತಟ್ಟೆ ಹಾಳಾಗುತ್ತದೆ. ದಯವಿಟ್ಟು ಈ ಪ್ರಯೋಗ ಬೇಡ. ಕೋಟೆಯ ಮಣ್ಣನ್ನು ಅಗೆದು ತರಿಸುವ ಯೋಚನೆಯೂ ಬೇಡ. ಅದು ಮುಗಿಯದ ಸಂಪತ್ತಲ್ಲ, ಅದರ ಮೇಲೆ ಬದುಕುವ ಕುಟುಂಬಗಳಿವೆ.

ಕೆತ್ತುವುದಾದರೂ ಸಾಧ್ಯವೇ? ಸತು ಉಳಿಗೆ ಒಲಿಯುತ್ತದೆ. 304 ಸ್ಟೀಲ್ ಹೊಡೆದಷ್ಟೂ ಗಡಸಾಗುವ ಜಾತಿ. ಕೈ ಉಳಿ ಒಂದೆರಡು ಗೆರೆಗೇ ಮೊಂಡಾಗುತ್ತದೆ. ಯಂತ್ರದ ಉಳಿಯಿಂದ ಕೊರೆದು ಬೆಳ್ಳಿ ಕೂರಿಸಬಹುದು, ನಾನೇ ಕೂರಿಸಿ ನೋಡಿದ್ದೇನೆ. ಆದರೆ ಕಪ್ಪು ಹಿನ್ನೆಲೆಯಿಲ್ಲದೆ ಬೆಳ್ಳಿಯೂ ಸ್ಟೀಲೂ ಒಂದರೊಳಗೊಂದು ಕಳೆದುಹೋಗುತ್ತವೆ. ಊಟದ ತಟ್ಟೆಯಲ್ಲಾದರೆ ಬೆಳ್ಳಿಯ ಅಂಚಿನ ಸಂದಿಯಲ್ಲಿ ಅನ್ನದ ಅಗಳು, ಎಣ್ಣೆ ಸೇರಿಕೊಳ್ಳುತ್ತವೆ. ಉದಯಪುರದ ಕೊಫ್ತ್‌ಗಿರಿ ಕಸುಬಿನವರು ಉಕ್ಕಿನ ಮೇಲೆ ಬೆಳ್ಳಿ, ಚಿನ್ನದ ತಂತಿ ಕೂರಿಸುವುದು ನಿಜ. ಅವರು ಕೊರೆಯುವುದಿಲ್ಲ, ಮೈಯನ್ನು ಅಡ್ಡಡ್ಡ ಗೀಚಿ ಒರಟು ಮಾಡಿ ಅದರ ಮೇಲೆ ತಂತಿಯನ್ನು ಹೊಡೆದು ಕೂರಿಸುತ್ತಾರೆ. ಆದರೆ ಅದು ಕತ್ತಿ, ಕಠಾರಿಗಳಿಗೆ ಬಂದ ವಿದ್ಯೆ, ಅದರ ಉಕ್ಕು ತುಕ್ಕು ಹಿಡಿಯುವಂಥದ್ದು. ಚಾಕುವಿನ ಹಿಡಿಗೆ ಸರಿ, ತಟ್ಟೆಗೆ ಅಲ್ಲ. ಅಲ್ಯೂಮಿನಿಯಂ ಮೆತ್ತಗಿದೆಯಲ್ಲ ಎಂದು ಯಾರಾದರೂ ಹೇಳಿಯಾರು. ಉಪ್ಪುನೀರು ತಾಗಿದ ಕೂಡಲೇ ಬೆಳ್ಳಿಯ ಪಕ್ಕದ ಅಲ್ಯೂಮಿನಿಯಂ ವೇಗವಾಗಿ ಕರಗುತ್ತದೆ. ಅದು ಬೇಡವೇ ಬೇಡ.

ಹಾಗಾದರೆ ನಿಜವಾದ ಬಿದ್ರಿಯ ತಟ್ಟೆಯಲ್ಲೇ ಊಟ ಬಡಿಸಿದರೆ? ಅದೂ ಆಗದು. ಸತು ಹುಳಿಯಲ್ಲಿ ಸುಲಭವಾಗಿ ಕರಗುತ್ತದೆ. ಸತು ಲೇಪಿಸಿದ ಪಾತ್ರೆಯಲ್ಲಿ ಹುಳಿ ಪಾನೀಯ ಇಟ್ಟು ಕುಡಿದವರು ಗುಂಪಾಗಿ ವಾಂತಿ ಮಾಡಿಕೊಂಡ ಪ್ರಸಂಗಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಹುಳಿ ಸಾರು, ಮಜ್ಜಿಗೆ, ನಿಂಬೆಹಣ್ಣಿಲ್ಲದ ಕನ್ನಡದ ಊಟ ಯಾವುದಿದೆ? ಹಳೆಯ ಬಿದ್ರಿ ವಸ್ತುಗಳನ್ನು ನೆನಪಿಸಿಕೊಳ್ಳಿ: ಹುಕ್ಕಾದ ಬುಡ, ಹೂಜಿ, ಪಾನ್‌ದಾನ್, ಹೂದಾನಿ, ಒಡವೆಯ ಪೆಟ್ಟಿಗೆ. ಊಟದ ಬಟ್ಟಲು ಆ ಸಾಲಿನ ಮುಖ್ಯ ವಸ್ತುವಲ್ಲ.

ಇಲ್ಲಿ ಒಂದು ಮಾತು ಹೇಳದೆ ಇರಲಾರೆ. ಹಳೆಯದನ್ನು ಹೊಸ ವಸ್ತುವಿಗೆ ತರುವುದೇ ಅಪಚಾರ ಎನ್ನುವವರಿದ್ದಾರೆ. ನಾನು ಅವರ ಜೊತೆ ಇಲ್ಲ. ಲೋಹದಲ್ಲಿ ಬೆಳ್ಳಿ ಕೂರಿಸುವ ವಿದ್ಯೆ ಬಹಮನಿಗಳ ಕಾಲದಲ್ಲಿ ಇರಾನಿನ ಕಡೆಯಿಂದ ಬೀದರಿಗೆ ಬಂತು ಎಂದು ಅಲ್ಲಿನ ಪರಂಪರೆ ಹೇಳುತ್ತದೆ. ಇಲ್ಲಿ ಅದು ಸತುವಿನ ಮಿಶ್ರಲೋಹವನ್ನು ಆರಿಸಿಕೊಂಡಿತು, ಅದಕ್ಕೆ ತಕ್ಕ ಕಪ್ಪನ್ನು ಕಂಡುಕೊಂಡಿತು. ಚನ್ನಪಟ್ಟಣವೂ ಹಾಗೆಯೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಾವಸ್ ಮಿಯಾ ಅವರು ಜಪಾನಿನ ತಂತ್ರಗಳನ್ನು ತಂದರೆಂದು ಊರು ಇಂದಿಗೂ ಅವರನ್ನು ನೆನೆಯುತ್ತದೆ. ಕೈಯಿಂದ ತಿರುಗಿಸುವ ಲೇತ್ ಹೋಗಿ ವಿದ್ಯುತ್ತಿನದು ಬಂತು, ಆಲೆ ಮರದ ಜೊತೆಗೆ ರಬ್ಬರ್ ಮರವೂ ಬಂತು. ನಿಮ್ಮ ಆಸೆ ಈ ಪರಂಪರೆಗೆ ಹೊರತಾದುದಲ್ಲ.

ಈಗ ದಾರಿಗಳು. ನನ್ನ ಮೊದಲ ಆಯ್ಕೆ ಲೋಟಕ್ಕೆ ಮರದ ಕವಚ. ಊಟ, ಪಾನೀಯ ತಾಗುವುದು ಸ್ಟೀಲಿಗೆ, ಕೈ ತಾಗುವುದು ಅರಗಿಗೆ. ನಾಲ್ಕೈದು ಮಿಲಿಮೀಟರ್ ದಪ್ಪದ ಮರದ ಕವಚವನ್ನು ಕಡೆದು ಹೊರಗೆ ಅರಗು ಹಚ್ಚಿ, ಒಳಗೆ ಸ್ಟೀಲ್ ಲೋಟ ಕೂರುವಂತೆ ಮಾಡಿಸಿ. ಸ್ಟೀಲಿನ ಅಂಚು ಮರಕ್ಕಿಂತ ಒಂದೂವರೆ ಸೆಂಟಿಮೀಟರ್ ಮೇಲಿರಲಿ, ತುಟಿ ತಾಗುವುದು ಲೋಹಕ್ಕೆ ಮಾತ್ರ. ಮರ ಬಿಸಿಯನ್ನು ತಡೆಯುವುದರಿಂದ ಅರಗು ಸುರಕ್ಷಿತ. ಬೆರಳೂ ಸುಡುವುದಿಲ್ಲ. ಸ್ಟೀಲ್ ಲೋಟವನ್ನು ಅಂಚು ಹಿಡಿದು ಕುಡಿಯುವ ನಮಗೆ ಅದೇ ದೊಡ್ಡ ಉಪಕಾರ.

ಇದರಲ್ಲೂ ಅಪಾಯಗಳಿವೆ. ಮರ ಹಸಿಯಾಗಿದ್ದರೆ ಬೇಸಿಗೆಯಲ್ಲಿ ಕುಗ್ಗಿ, ಬಗ್ಗದ ಸ್ಟೀಲಿನ ಸುತ್ತ ಸೀಳುತ್ತದೆ. ಮರದ ತೇವ ನೂರಕ್ಕೆ 10ರಿಂದ 12ಕ್ಕೆ ಇಳಿದಿದೆಯೇ ಎಂದು ತೇವಮಾಪಕದಿಂದ ನೋಡಿಯೇ ಕಡೆಯಲು ಕೊಡಿ. ಒಳಗೆ ಸುತ್ತಲೂ ಅರ್ಧದಿಂದ ಒಂದು ಮಿಲಿಮೀಟರ್ ಸಂದು ಬಿಟ್ಟು, ಆಹಾರ ದರ್ಜೆಯ ಸಿಲಿಕೋನ್ ಉಂಗುರದಿಂದ ಲೋಟವನ್ನು ಹಿಡಿಸಿ. ಅಂಟು ಹಾಕಬೇಡಿ. ಅಂಟು ಹಾಕಿದರೆ ಸಂದಿನಲ್ಲಿ ನೀರು ನಿಂತು ಬೂಷ್ಟು ಬರುತ್ತದೆ, ತೊಳೆಯಲೂ ಆಗದು. ಲೋಟ ಹೊರಗೆ ಬರಬೇಕು, ಕವಚದ ತಳ ತೆರೆದಿರಬೇಕು, ಲೋಟವನ್ನು ತೊಳೆದು ಕವಚವನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಈ ಮೂರನ್ನು ಉಡುಗೊರೆಯ ಚೀಟಿಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ. ಪಾತ್ರೆ ಕೊಳ್ಳುವವರೂ ತೊಳೆಯುವವರೂ ಎಷ್ಟೋ ಮನೆಗಳಲ್ಲಿ ಬೇರೆ ಬೇರೆ. ತೊಳೆಯುವವರಿಗೆ ತಿಳಿಯದಿದ್ದರೆ ನಮ್ಮ ಎಲ್ಲ ಲೆಕ್ಕಾಚಾರವೂ ವ್ಯರ್ಥ.

ಇದಕ್ಕಿಂತ ಅಗ್ಗವಾದುದು ಮುಚ್ಚಳದ ಗುಬ್ಬಿ, ಚಮಚದ ಹಿಡಿ, ಲೋಟದಡಿ ಇಡುವ ಬಿಲ್ಲೆ. ಇವುಗಳಲ್ಲಿ ಅರಗಿನ ಮರ ಬಿಸಿಗೂ ನೀರಿಗೂ ಅಷ್ಟಾಗಿ ಸಿಗುವುದಿಲ್ಲ. ಬಿಲ್ಲೆಯ ನಡುಭಾಗಕ್ಕೆ ಮಾತ್ರ ಅರಗು ಬೇಡ, ಬಿಸಿ ಲೋಟ ಕೂರುವ ಜಾಗದಲ್ಲಿ ಬಿಳಿ ಉಂಗುರ ಖಂಡಿತ ಮೂಡುತ್ತದೆ. ಮರವನ್ನು ಅಲ್ಲಿ ಬರಿದಾಗಿ ಬಿಟ್ಟು ಅಂಚಿಗೆ ಮಾತ್ರ ಬಣ್ಣ ಕೊಡಿ.

ತಟ್ಟೆಗೆ ಬಿದ್ರಿ ಬೇಕೇಬೇಕೆಂದರೆ, ತಟ್ಟೆಯಡಿ ಇಡುವ ದೊಡ್ಡ ತಳತಟ್ಟೆಯನ್ನೋ ಬಡಿಸುವ ಸೌಟಿನ ಹಿಡಿಯ ತುದಿಯನ್ನೋ ಬೀದರಿನಲ್ಲೇ ಬೀದರಿನ ರೀತಿಯಲ್ಲೇ ಮಾಡಿಸಿ, ಸ್ಟೀಲಿಗೆ ಜೋಡಿಸಿ. ಜೋಡಿಸುವಾಗ ಎರಡು ಎಚ್ಚರಿಕೆ. ಬೆಸುಗೆ ಹಾಕಬಾರದು, ಸತು 420 ಡಿಗ್ರಿಯ ಹತ್ತಿರ ಕರಗುತ್ತದೆ, ಅದಕ್ಕೂ ಮೊದಲೇ ಕಪ್ಪು ಕೆಡುತ್ತದೆ. ಸ್ಕ್ರೂ ಅಥವಾ ರಿವೆಟ್ ಬಳಸಿ. ಎರಡನೆಯದು ಹಲವರಿಗೆ ಹೊಳೆಯದ ವಿಷಯ: ಸತುವೂ ಸ್ಟೀಲೂ ನೇರವಾಗಿ ತಾಗಿಕೊಂಡು ಒದ್ದೆಯಾದರೆ ಸತು ತನ್ನನ್ನೇ ಸವೆಸಿಕೊಳ್ಳುತ್ತದೆ. ಕಬ್ಬಿಣದ ತಗಡಿಗೆ ಸತು ಲೇಪಿಸುವುದೇ ಈ ಗುಣವನ್ನು ನಂಬಿ. ಅಲ್ಲಿ ಉಪಕಾರವಾದದ್ದು ಇಲ್ಲಿ ಬಿದ್ರಿಯ ಕಪ್ಪಿನ ಮೇಲೆ ಬಿಳಿ ಪುಡಿಯಾಗಿ ಕಾಣಿಸಿಕೊಳ್ಳುತ್ತದೆ. ನಡುವೆ ನೈಲಾನಿನದೋ ಸಿಲಿಕೋನಿನದೋ ತೆಳು ಬಿಲ್ಲೆ ಇರಲೇಬೇಕು. ಬಿದ್ರಿ ಭಾಗವನ್ನು ಸಿಂಕಿನಲ್ಲಿ ನೆನೆಸಬಾರದು. ಕಪ್ಪು ಮಂಕಾದರೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ ಒರೆಸಿದರೆ ಸಾಕು. ಹುಣಸೆಹಣ್ಣಿನಿಂದ ಬೆಳಗಿದರೆ ಕಪ್ಪು ಹೊರಟುಹೋಗುತ್ತದೆ.

ಮೂರನೆಯ ದಾರಿಯನ್ನು ಕೆಲವರು ಸೂಚಿಸಬಹುದು: ಸ್ಟೀಲಿಗೆ ಕಾರ್ಖಾನೆಯಲ್ಲಿ ಕಪ್ಪು ಲೇಪನ ಮಾಡಿಸಿ, ಲೇಸರಿನಿಂದ ಬಿದ್ರಿಯ ಬಳ್ಳಿಗಳನ್ನು ಕೊರೆಸುವುದು. ತಾಂತ್ರಿಕವಾಗಿ ಸಾಧ್ಯ, ಮುನ್ನೂರು ತಟ್ಟೆಗಳೂ ಬೇಗ ಸಿದ್ಧವಾಗುತ್ತವೆ. ಆದರೆ ಅದನ್ನು ಬಿದ್ರಿ ಎಂದು ಕರೆದು ಮಾರಬೇಡಿ. ಬಿದ್ರಿಯೂ ಚನ್ನಪಟ್ಟಣದ ಆಟಿಕೆಗಳೂ ಭೌಗೋಳಿಕ ಸೂಚಕಗಳಾಗಿ (ಆಯಾ ಊರಿನ ಕಸುಬಿನ ಹೆಸರಿಗೆ ಕಾನೂನಿನ ರಕ್ಷಣೆ) ನೋಂದಣಿಯಾಗಿವೆ. ಆ ಹೆಸರನ್ನು ತಪ್ಪಾಗಿ ಬಳಸುವುದು 1999ರ ಕಾಯ್ದೆಯಡಿ ಶಿಕ್ಷಾರ್ಹ. ಕಾನೂನು ಇಲ್ಲದಿದ್ದರೂ ನಾನು ಬೇಡ ಎನ್ನುತ್ತಿದ್ದೆ. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅದೇ ಹೆಸರಿನಲ್ಲಿ ಲೇಸರ್ ತಟ್ಟೆ ಅಂಗಡಿಗೆ ಬಂದರೆ, ತಿಂಗಳುಗಟ್ಟಲೆ ಕೂತು ಬೆಳ್ಳಿ ಕೂರಿಸುವವರ ಬೆಲೆ ಕುಸಿಯುತ್ತದೆ. ಬೀದರಿನ ಕಲಾವಿದರಿಂದಲೇ ಚಿತ್ತಾರ ಬರೆಸಿ, ಅದಕ್ಕೆ ತಕ್ಕ ಹಣ ಕೊಟ್ಟು, ‘ಲೇಸರ್ ಕೆತ್ತನೆಯ ತಟ್ಟೆ’ ಎಂದೇ ಮಾರುವುದಾದರೆ ನನ್ನ ಆಕ್ಷೇಪವಿಲ್ಲ.

ಯಾವ ದಾರಿ ಹಿಡಿದರೂ ಮುನ್ನೂರಕ್ಕೆ ಕೈಹಾಕುವ ಮೊದಲು ಐದಾರು ಮಾದರಿ ಮಾಡಿಸಿ, ಮನೆಯಲ್ಲೇ ಒರಟಾಗಿ ಬಳಸಿ. ಕುದಿಯುವ ನೀರು ಹುಯ್ದು ಆರಲು ಬಿಡಿ, ಮತ್ತೆ ಹುಯ್ಯಿರಿ, ಹೀಗೆ ಇಪ್ಪತ್ತು ಸಲ. ತೊಳೆಯುವ ಸೋಡಾದ ನೀರಿನಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಅರಗನ್ನು ಉಜ್ಜಿ, ಬಣ್ಣ ಎಷ್ಟು ಬೇಗ ಬಿಡುತ್ತದೆ ನೋಡಿ. ಕವಚವನ್ನು ಒಂದು ವಾರ ಬಿಸಿಲು ಬೀಳುವ ಕಿಟಕಿಯಲ್ಲಿಡಿ. ಸೀಳುವುದಿದ್ದರೆ ಬಹುಮಟ್ಟಿಗೆ ಅಲ್ಲೇ ಸೀಳುತ್ತದೆ, ಅರಿಸಿನದ ಹಳದಿ ಮಾಸುವುದೂ ಅಲ್ಲೇ ತಿಳಿಯುತ್ತದೆ. ಇವನ್ನು ದಾಟಿದ ಮೇಲೆ, ಬಣ್ಣದಲ್ಲಿ ಸೀಸ ಮತ್ತು ಕ್ಯಾಡ್ಮಿಯಂ ಇದೆಯೇ ಎಂದು ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯದಲ್ಲಿ ಪರೀಕ್ಷಿಸಿ. ಸಿಲಿಕೋನ್ ಉಂಗುರ ಕೊಡುವವರಿಂದ ಅದರ ಆಹಾರ ದರ್ಜೆಯ ಪರೀಕ್ಷಾ ವರದಿ ಕೇಳಿ ಪಡೆಯಿರಿ. ಸ್ಟೀಲಿನ ದರ್ಜೆಯನ್ನು ಅಯಸ್ಕಾಂತ ಹಿಡಿದು ನಿರ್ಧರಿಸಬೇಡಿ. ಒತ್ತಿ ಎಳೆದು ಮಾಡಿದ 304 ಲೋಟವೂ ಅಯಸ್ಕಾಂತಕ್ಕೆ ಸ್ವಲ್ಪ ಅಂಟುತ್ತದೆ, ಮ್ಯಾಂಗನೀಸ್ ಬೆರೆಸಿದ ಅಗ್ಗದ 200 ಸರಣಿಯ ಸ್ಟೀಲ್ ಅಂಟದೆಯೂ ಇರಬಹುದು.

ಮಾದರಿಗಳಿಗೆ, ಕೆಟ್ಟುಹೋದವುಗಳಿಗೂ ಸೇರಿಸಿ, ಕುಶಲಕರ್ಮಿಗೆ ದಿನದ ಕೂಲಿ ಲೆಕ್ಕದಲ್ಲಿ ಹಣ ಕೊಡಿ. ತುಂಡಿಗಿಷ್ಟು ಎಂದು ಕೊಟ್ಟರೆ ಅವರಿಗೆ ಪ್ರಯೋಗವೆಂದರೆ ನಷ್ಟ. ಆಗ ‘ಇದು ನಿಲ್ಲುವುದಿಲ್ಲ’ ಎಂದು ಅವರಿಗೆ ಮೊದಲೇ ಗೊತ್ತಿದ್ದರೂ ನಿಮಗೆ ಹೇಳದೆ ಹಚ್ಚಿಕೊಟ್ಟುಬಿಡುತ್ತಾರೆ. ನಿಮ್ಮ ಲೋಟದ ವಿಷಯದಲ್ಲಿ ಆದದ್ದೂ ಇದೇ ಇರಬಹುದು. ಮುಂದಿನ ಸಲ ಹೋದಾಗ ಲೋಟದ ಜೊತೆ ಕಾಫಿಯನ್ನೂ ಒಯ್ದು, ಅವರೆದುರೇ ಹುಯ್ದು, ಅವರೇ ಏನು ಮಾಡುತ್ತಾರೆ ಎಂದು ಕೇಳಿ. ಕವಚದ ಸಂದು ಎಷ್ಟಿರಬೇಕು, ಯಾವ ಮರ ಕಡಿಮೆ ಸೀಳುತ್ತದೆ ಎಂಬುದನ್ನು ಅವರು ನನಗಿಂತ ನಿಖರವಾಗಿ ಹೇಳಬಲ್ಲರು.

ಮದುವೆಗೆ ಎರಡು ತಿಂಗಳಿಗಿಂತ ಕಡಿಮೆ ಸಮಯವಿದ್ದರೆ ತಟ್ಟೆಯನ್ನು ಬಿಟ್ಟುಬಿಡಿ, ಕವಚದ ಲೋಟವನ್ನು ಮಾತ್ರ ಒಪ್ಪಿಕೊಳ್ಳಿ. ಅಷ್ಟೂ ಸಮಯವಿಲ್ಲ, ಒಣಗಿದ ಮರವೂ ಸಿಗುತ್ತಿಲ್ಲ ಎಂದಾದರೆ, ಸರಳವಾದ ಸ್ಟೀಲ್ ಲೋಟದ ಜೊತೆಗೆ ಒಣಹಣ್ಣು ಇಡುವ ಅರಗಿನ ಮರದ ಬಟ್ಟಲೊಂದನ್ನು ಕೊಡಿ.